ಪಿಡಿಪಿ-11, ವ್ಯಾಕ್ಸ್ ಸಾಕುವವರಿಗೆ: ಅಸಲಿ ಯಂತ್ರವೋ, ಎಮ್ಯುಲೇಟರೋ, ಪರರ ಯಂತ್ರದಲ್ಲೊಂದು ಖಾತೆಯೋ?

ಹಳೆಯ ಕಂಪ್ಯೂಟರ್ ಸಾಕಬೇಕೆಂದು ಹೊರಟವರು ಮೊದಲು ಕೇಳುವುದು ಯಂತ್ರ ಎಲ್ಲಿ ಸಿಗುತ್ತದೆ ಎಂದು. ಅದಕ್ಕೂ ಮುಂಚೆ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಉಳಿಯಬೇಕಾದದ್ದು ಯಾವುದು? ಕಬ್ಬಿಣದ ಪೆಟ್ಟಿಗೆ ಮತ್ತು ಬೋರ್ಡುಗಳೋ, ಅವುಗಳ ಮೇಲೆ ಓಡುತ್ತಿದ್ದ ಸಾಫ್ಟ್‌ವೇರೋ, ಯಂತ್ರಗಳು ಪರಸ್ಪರ ಮಾತನಾಡಲು ಕಟ್ಟಿಕೊಂಡಿದ್ದ ಜಾಲವೋ? ಮೂರಕ್ಕೂ ತಗಲುವ ಹಣ, ಜಾಗ, ಬಿಡುವಿನ ವೇಳೆ ಬೇರೆ ಬೇರೆ. ಇದನ್ನು ತೀರ್ಮಾನಿಸದೆ ಹರಾಜಿನಲ್ಲಿ ಯಂತ್ರ ಕೊಂಡವರ ಮನೆಯಲ್ಲಿ ಅದು ಕೊನೆಗೆ ಅಟ್ಟ ಸೇರುತ್ತದೆ. ಉಳಿಸುವ ದಾರಿಗಳೂ ಮೂರು: ಅಸಲಿ ಯಂತ್ರ, ಹಳೆಯ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್ ಎಂಬ ಪ್ರೋಗ್ರಾಂ, ಪರರ ಯಂತ್ರದಲ್ಲೊಂದು ಖಾತೆ. ಈ ಬರಹ ಒಂದೇ ಮನೆತನದ ಯಂತ್ರಗಳಿಗೆ, ಅಂದರೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ತಯಾರಿಸಿದ ಪಿಡಿಪಿ-11 ಮತ್ತು ವ್ಯಾಕ್ಸ್ ಯಂತ್ರಗಳಿಗೆ ಸೀಮಿತವಾಗಿದೆ.

ಈ ಮನೆತನವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬಳಕೆದಾರರ ಬಾಯಲ್ಲಿ ‘ಡೆಕ್’ ಎಂದೇ ಹೆಸರಾದ ಈ ಕಂಪನಿ 1957ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮೇನಾರ್ಡ್ ಎಂಬ ಊರಿನ ಹಳೆಯ ಉಣ್ಣೆ ಗಿರಣಿಯೊಂದರಲ್ಲಿ ಆರಂಭವಾಗಿ, 1998ರಲ್ಲಿ ಕಾಂಪ್ಯಾಕ್‌ನ ಪಾಲಾಯಿತು. 2002ರಲ್ಲಿ ಕಾಂಪ್ಯಾಕ್ ಎಚ್‌ಪಿಯಲ್ಲಿ ಸೇರಿಹೋಯಿತು. 1970ರಲ್ಲಿ ಬಂದ 16 ಬಿಟ್‌ಗಳ ಪಿಡಿಪಿ-11ರ ಮೇಲೆಯೇ ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಬೆಳೆಯಿತು, ಸಿ ಭಾಷೆ ರೂಪುಗೊಂಡಿತು. 1977ರಲ್ಲಿ ವ್ಯಾಕ್ಸ್-11/780 ಮತ್ತು ಅದರ ವಿಎಂಎಸ್ ಆಪರೇಟಿಂಗ್ ಸಿಸ್ಟಂ ಬಂದವು. ಡೆಕ್‌ನ ಭಾರತೀಯ ಅಂಗಸಂಸ್ಥೆ ಬೆಂಗಳೂರಿನಲ್ಲಿತ್ತು. ಮುಂದೆ ಎಚ್‌ಪಿ ತನ್ನ ಓಪನ್‌ವಿಎಂಎಸ್ (ವಿಎಂಎಸ್‌ಗೆ ಆಮೇಲೆ ಬಂದ ಹೆಸರು) ಅಭಿವೃದ್ಧಿಯ ಕೆಲಸವನ್ನು ಬೆಂಗಳೂರಿಗೇ ತಂದಿತು. ಆದ್ದರಿಂದ ಈ ಯಂತ್ರಗಳ ಡಾಲರ್ ಚಿಹ್ನೆಯ ಪ್ರಾಂಪ್ಟ್ ಮುಂದೆ ಉದ್ಯೋಗ ಮಾಡಿದ ಕನ್ನಡಿಗರು ಇಲ್ಲಿಯೂ ಇದ್ದಾರೆ, ಹೊರದೇಶಗಳಲ್ಲಿಯೂ ಇದ್ದಾರೆ.

ಅಸಲಿ ಯಂತ್ರ

ಮೊದಲು ಆಸೆಗೆ ಒಂದು ಮಿತಿ ಹಾಕಿಕೊಳ್ಳೋಣ. ವ್ಯಾಕ್ಸ್-11/780 ಬೀರುವಿನ ಗಾತ್ರದ, ತ್ರೀ ಫೇಸ್ ವಿದ್ಯುತ್ ಬೇಡುವ ಯಂತ್ರ. ಮನೆಯ ಮಾತೇ ಅಲ್ಲ. ಮನೆಯಲ್ಲಿ ಇಟ್ಟುಕೊಳ್ಳಬಹುದಾದವು ಕ್ಯೂ-ಬಸ್ (ಬೋರ್ಡುಗಳ ನಡುವೆ ಸಂಕೇತ ಸಾಗಿಸುವ ಮಾರ್ಗ) ಆಧಾರಿತ ಪಿಡಿಪಿ-11/23, 11/73, ಮೈಕ್ರೋವ್ಯಾಕ್ಸ್ II, ಮತ್ತು ಇವುಗಳಿಗಿಂತ ಚಿಕ್ಕವಾದ ಮೈಕ್ರೋವ್ಯಾಕ್ಸ್ 3100, ವ್ಯಾಕ್ಸ್‌ಸ್ಟೇಷನ್ 4000 ಸರಣಿಯ ಯಂತ್ರಗಳು. ಮೊದಲ ಬಾರಿ ಕೊಳ್ಳುವವರಿಗೆ ಕೊನೆಯ ಎರಡೇ ಮೇಲು, ಏಕೆಂದರೆ ಅವುಗಳಲ್ಲಿ ಸ್ಕಸಿ (SCSI) ಎಂಬ ಪ್ರಮಾಣಿತ ಡಿಸ್ಕ್ ಸಂಪರ್ಕವಿದೆ, ಮತ್ತು ಇಂದು ಸ್ಕಸಿ ಡಿಸ್ಕಿನ ಜಾಗದಲ್ಲಿ ಮೆಮೊರಿ ಕಾರ್ಡ್ ಕೂರಿಸುವ ಬ್ಲೂಸ್ಕಸಿ, ಝುಲುಸ್ಕಸಿಯಂಥ ಸಣ್ಣ ಬೋರ್ಡುಗಳು ಸುಲಭವಾಗಿ ದೊರೆಯುತ್ತವೆ.

ಭಾರತದಲ್ಲಿರುವವರಿಗೆ ಕೊಳ್ಳುವಿಕೆಯೇ ಮೊದಲ ತೊಡಕು. ಬಳಸಿದ ಕಂಪ್ಯೂಟರ್‌ಗಳ ಆಮದು ಇಲ್ಲಿ ನಿರ್ಬಂಧಿತವಾಗಿದ್ದು, ಅನುಮತಿಯಿಲ್ಲದೆ ತರಿಸಿದ ಪೆಟ್ಟಿಗೆ ಕಸ್ಟಮ್ಸ್‌ನಲ್ಲಿಯೇ ಉಳಿಯಬಹುದು. ಬಿಡಿ ಬೋರ್ಡುಗಳಿಗೂ ಇದೇ ಅಳುಕು ಇದ್ದದ್ದೇ. ದೇಶದೊಳಗೆ ಸಿಗುವುದು ಹಳೆಯ ಪ್ರಯೋಗಾಲಯ, ಕಾರ್ಖಾನೆಗಳು ವಿಲೇವಾರಿ ಮಾಡಿದಾಗ ಮಾತ್ರ, ಅದೂ ಬೋರ್ಡುಗಳ ಚಿನ್ನದ ಲೇಪನಕ್ಕಾಗಿ ಗುಜರಿಯವರು ಒಡೆಯುವುದಕ್ಕೆ ಮುಂಚೆ ಕಣ್ಣಿಗೆ ಬಿದ್ದರೆ. ಅಮೆರಿಕ, ಯೂರೋಪಿನಲ್ಲಿರುವ ಕನ್ನಡಿಗರಿಗೆ ಈ ಕಷ್ಟ ಕಡಿಮೆ. ಅವರಿಗೆ ಎದುರಾಗುವುದು ಬೆಲೆ ಮತ್ತು ಜಾಗದ ಪ್ರಶ್ನೆ.

ಯಂತ್ರ ಕೈಗೆ ಬಂದ ದಿನವೇ ಪ್ಲಗ್ ಹಾಕಬಾರದು. ಅಮೆರಿಕದಿಂದ ಬಂದದ್ದಾದರೆ ಹಿಂಬದಿಯ ವೋಲ್ಟೇಜ್ ಸ್ವಿಚ್ 115ರಲ್ಲಿರಬಹುದು. ನಮ್ಮ 230 ವೋಲ್ಟ್ ಕೊಟ್ಟರೆ ಪವರ್ ಸಪ್ಲೈ ಆಗಲೇ ಹೋಯಿತು. ಸ್ವಿಚ್ ಸರಿಯಿದ್ದರೂ ಪವರ್ ಸಪ್ಲೈಯನ್ನು ಹೊರತೆಗೆದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಒಂದೊಂದಾಗಿ ನೋಡಬೇಕು. ದ್ರವ ಸೋರಿದ ಕೆಪಾಸಿಟರಿನ ಕೆಳಗೆ ಬೋರ್ಡ್ ಮಂಕಾಗಿರುತ್ತದೆ, ತಾಮ್ರದ ಗೆರೆಗಳು ಹಸಿರಾಗಿರುತ್ತವೆ, ಸೋಲ್ಡರಿಂಗ್ ಐರನ್ ಮುಟ್ಟಿಸಿದ ಕೂಡಲೇ ಮೀನಿನ ವಾಸನೆ ಏಳುತ್ತದೆ. ಆ ವಾಸನೆ ಬಂದರೆ ಕೆಪಾಸಿಟರ್ ಬದಲಿಸಿದರೆ ಸಾಲದು. ಬೋರ್ಡನ್ನು ತೊಳೆದು, ತಿಂದುಹೋದ ಗೆರೆಗಳಿಗೆ ತಂತಿ ಹಾಕಬೇಕು. ಬಿಡಿಭಾಗಗಳಿಗೆ ಬೆಂಗಳೂರಿನವರು ಎಸ್.ಪಿ. ರಸ್ತೆಯವರೆಗೆ ಹೋದರೆ ಸಾಕು. 105 ಡಿಗ್ರಿ ತಡೆಯುವ, ಒಳ್ಳೆಯ ಕಂಪನಿಯ ಮಾಲನ್ನೇ ಕೇಳಿ ತೆಗೆದುಕೊಳ್ಳಬೇಕು. ಕೆಲವು ರೂಪಾಯಿ ಉಳಿಸಲು ಹೆಸರಿಲ್ಲದ ಮಾಲು ಹಾಕಿದರೆ ಇದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ. ಗಡಿಯಾರಕ್ಕಾಗಿ ಇರುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಅದರ ಸ್ಥಿತಿ ಹೇಗೇ ಇರಲಿ, ಮೊದಲು ಕಿತ್ತು ಹಾಕುವುದು ಕ್ಷೇಮ. ಕರಾವಳಿ, ಮಲೆನಾಡಿನ ತೇವದಲ್ಲಿ ಇದೆಲ್ಲ ಇನ್ನೂ ಬೇಗ ಕೆಡುತ್ತದೆ.

ಡಿಸ್ಕಿನ ಕಥೆ ಇನ್ನೊಂದು ಬಗೆಯದು. ಮೈಕ್ರೋವ್ಯಾಕ್ಸ್ II ಕಾಲದಲ್ಲಿ ಡೆಕ್ ಆರ್‌ಡಿ53 ಎಂಬ ಹೆಸರಿನಲ್ಲಿ ಮಾರುತ್ತಿದ್ದ 71 ಮೆಗಾಬೈಟ್ ಡಿಸ್ಕ್ ವಾಸ್ತವವಾಗಿ ಮೈಕ್ರೋಪೊಲಿಸ್ ಕಂಪನಿಯದು. ಅದರೊಳಗೆ ಮಾಹಿತಿ ಓದುವ ತಲೆಗಳು ವಿಶ್ರಮಿಸುವ ತುದಿಯಲ್ಲಿ ಒಂದು ಸಣ್ಣ ರಬ್ಬರ್ ತುಂಡಿದೆ. ವರ್ಷಗಳು ಕಳೆದಂತೆ ಆ ರಬ್ಬರ್ ಕರಗಿ ಅಂಟಂಟಾಗುತ್ತದೆ. ಮೋಟಾರು ಸರಿಯಾಗಿಯೇ ತಿರುಗುತ್ತದೆ, ತಲೆ ಮಾತ್ರ ಅಂಟಿನಿಂದ ಬಿಡಿಸಿಕೊಳ್ಳಲಾರದೆ ಡಿಸ್ಕ್ ಸತ್ತಂತೆ ತೋರುತ್ತದೆ. ಮುಚ್ಚಳ ತೆಗೆದು ರಬ್ಬರನ್ನು ಸರಿಪಡಿಸಿ ಮಾಹಿತಿ ಹೊರತೆಗೆದವರಿದ್ದಾರೆ. ಧೂಳಿಲ್ಲದ ಕೋಣೆಯಿಲ್ಲದೆ ಇದನ್ನು ಮಾಡುವುದಾದರೆ ಅದು ಡಿಸ್ಕಿನ ಕೊನೆಯ ಓಟವೆಂದೇ ತಿಳಿದು, ಎಲ್ಲವನ್ನೂ ಒಂದೇ ಸಲಕ್ಕೆ ನಕಲು ಮಾಡಿಕೊಳ್ಳುವ ಸಿದ್ಧತೆಯಲ್ಲಿರಬೇಕು. ದಿನನಿತ್ಯದ ಬಳಕೆಗೆ ಕ್ಯೂ-ಬಸ್ ಯಂತ್ರಗಳಲ್ಲಿ ಕ್ಯೂಬೋನ್ ಎಂಬ, ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಕಂಪ್ಯೂಟರ್ ಆಧಾರಿತ ಬೋರ್ಡನ್ನು ಹಾಕಿ ಡಿಸ್ಕಿನ ಕೆಲಸವನ್ನು ಅದಕ್ಕೆ ವಹಿಸಬಹುದು. ಅಸಲಿ ಪ್ರೊಸೆಸರ್, ಅಸಲಿ ಮೆಮೊರಿ, ಕೃತಕ ಡಿಸ್ಕ್: ಇದು ಮೋಸವೆಂದು ಹೇಳುವ ಶುದ್ಧವಾದಿಗಳಿದ್ದಾರೆ. ಯಂತ್ರ ಮತ್ತೆ ಮತ್ತೆ ಏಳಬೇಕಾದರೆ ಇದೇ ದಾರಿ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಅಸಲಿ ಯಂತ್ರದಿಂದ ಮಾತ್ರ ಸಿಗುವುದೇನು? ಬಸ್ಸಿನ ಮೇಲೆ ಆಸಿಲೋಸ್ಕೋಪ್ ಇಟ್ಟು ಸಂಕೇತ ನೋಡುವ ಅವಕಾಶ, ದೋಷ ಹುಡುಕುವ ಹಾರ್ಡ್‌ವೇರ್ ವಿದ್ಯೆ, ಮತ್ತು ಅಸಲಿ ಟರ್ಮಿನಲ್, ಅಂದರೆ ಯಂತ್ರದೊಡನೆ ಮಾತನಾಡುವ ಪರದೆ, ಕೀಲಿಮಣೆ. ಟರ್ಮಿನಲ್ಲಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಕನ್ನಡದವರು ಗಮನಿಸಬೇಕು: ವಿಟಿ220 ಟರ್ಮಿನಲ್ಲಿಗೆ ನಾವೇ ಬರೆದ 94 ಅಕ್ಷರರೂಪಗಳನ್ನು ಯಂತ್ರದಿಂದ ಇಳಿಸಬಹುದು. ಸ್ವರ, ವ್ಯಂಜನಗಳಿಗೆ ಅಷ್ಟು ಸಾಕು. ಕಾಗುಣಿತ, ಒತ್ತಕ್ಷರಗಳಿಗೆ ಸಾಲದು. ಆದರೂ 1983ರ ಪರದೆಯ ಮೇಲೆ ಕನ್ನಡ ಮೂಡಿಸುವ ಆಟ ಆಡಬಯಸುವವರಿಗೆ ಅಸಲಿ ಟರ್ಮಿನಲ್ಲೇ ಬೇಕು, ಏಕೆಂದರೆ ಇಂದಿನ ಟರ್ಮಿನಲ್ ಪ್ರೋಗ್ರಾಂಗಳಲ್ಲಿ ಬಹಳಷ್ಟಕ್ಕೆ ಈ ಸೌಲಭ್ಯವಿಲ್ಲ.

ಎಮ್ಯುಲೇಟರ್

ಡೆಕ್‌ನಲ್ಲಿ ಉಪಾಧ್ಯಕ್ಷರಾಗಿದ್ದ ಬಾಬ್ ಸಪ್ನಿಕ್ 1993ರಲ್ಲಿ ಆರಂಭಿಸಿದ ಸಿಮ್‌ಎಚ್, ಈ ಹವ್ಯಾಸದ ಬೆನ್ನೆಲುಬು. ಪಿಡಿಪಿ-11, ವ್ಯಾಕ್ಸ್ ಸೇರಿದಂತೆ ಹಲವಾರು ಯಂತ್ರಗಳನ್ನು ಅದು ಸಾಮಾನ್ಯ ಪಿಸಿಯಲ್ಲಿ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ನಡೆಸುತ್ತದೆ. 2022ರಲ್ಲಿ ಪರವಾನಗಿಯ ಷರತ್ತುಗಳ ಬಗ್ಗೆ ಭಿನ್ನಾಭಿಪ್ರಾಯ ಬಂದು, ಓಪನ್ ಸಿಮ್‌ಎಚ್ ಎಂಬ ಪ್ರತ್ಯೇಕ ಕವಲು ಹುಟ್ಟಿತು. ಹೊಸಬರು ಯಾವುದನ್ನು ಆರಿಸಬೇಕೆಂದು ಕೇಳಿದರೆ, ಎಂಐಟಿ ಎಂಬ ಮುಕ್ತ ಪರವಾನಗಿಯಡಿ ಇರುವ ಓಪನ್ ಸಿಮ್‌ಎಚ್ ಎನ್ನುತ್ತೇನೆ, ಷರತ್ತುಗಳ ಗೊಂದಲವಿಲ್ಲ.

ಇದರ ಅನುಕೂಲಗಳು ಎದ್ದು ಕಾಣುವಂಥವು. ಇಡೀ ಡಿಸ್ಕ್ ಒಂದು ಕಡತ; ಅದನ್ನು ನಕಲು ಮಾಡಿಟ್ಟರೆ ಬ್ಯಾಕಪ್ ಆಯಿತು. ಕರೆಂಟ್ ಹೋಗಿ ಕಡತ ಕೆಟ್ಟರೆ ನಿನ್ನೆಯ ನಕಲನ್ನು ಮರಳಿ ಇಡಬಹುದು. ಪೈಯಂಥ ಸಣ್ಣ ಬೋರ್ಡಿನ ಮೇಲೆ ದಿನವಿಡೀ ಓಡಿಸಿದರೂ ವಿದ್ಯುತ್ ಬಿಲ್ಲಿನಲ್ಲಿ ಗೊತ್ತಾಗುವುದಿಲ್ಲ. ಒಂದೇ ಎಚ್ಚರಿಕೆ: ಹಳೆಯ ಆಪರೇಟಿಂಗ್ ಸಿಸ್ಟಂಗಳು ಕೆಲಸವಿಲ್ಲದಾಗಲೂ ಪ್ರೊಸೆಸರನ್ನು ಸುಮ್ಮನೆ ಸುತ್ತಿಸುತ್ತವೆ, ಆದ್ದರಿಂದ ‘ಸೆಟ್ ಸಿಪಿಯು ಐಡಲ್’ ಎಂಬ ಆದೇಶವನ್ನು ಸಂರಚನಾ ಕಡತದಲ್ಲಿ ಬರೆಯದಿದ್ದರೆ ಆತಿಥೇಯ ಯಂತ್ರ ಬಿಸಿಯೇರುತ್ತದೆ.

ಕೊರತೆಯೂ ಇದೆ. ಸಿಮ್‌ಎಚ್ ಸೂಚನೆಗಳನ್ನು ನಿಷ್ಠೆಯಿಂದ ಪಾಲಿಸುತ್ತದೆ, ವೇಗವನ್ನು ಪಾಲಿಸುವುದಿಲ್ಲ. ಡಿಸ್ಕ್ ತಿರುಗುವುದನ್ನು ಕಾಯುವ ಆ ಕ್ಷಣಗಳು, ಟೇಪು ಹಿಂದೆ ಮುಂದೆ ಓಡುವ ಹೊತ್ತು, ಹತ್ತು ಜನ ಒಟ್ಟಿಗೆ ಕುಳಿತಾಗ ಯಂತ್ರ ಏದುಸಿರು ಬಿಡುತ್ತಿದ್ದದ್ದು ಇಲ್ಲಿ ಇಲ್ಲ. ಸಾಫ್ಟ್‌ವೇರ್ ಉಳಿಸುವುದು ಗುರಿಯಾದವರಿಗೆ ಇದರಿಂದ ನಷ್ಟವೇನೂ ಆಗದು.

ಇದೇ ಸಿಮ್‌ಎಚ್‌ಗೆ ಮುಖ ಕೊಟ್ಟದ್ದು ಪಿಡಿಪಿ-11/70ರ ಮುಂಫಲಕವನ್ನು ಹೋಲುವ ಪೈಡಿಪಿ-11 ಕಿಟ್. ಅಸಲಿಗಿಂತ ಚಿಕ್ಕದಾದ ಫಲಕ, ಮಿನುಗುವ ದೀಪಗಳು, ಒತ್ತುವ ಸ್ವಿಚ್ಚುಗಳು. ಹಿಂದೆ ಒಂದು ರಾಸ್ಪ್‌ಬೆರಿ ಪೈ. ಅದನ್ನು ಎಮ್ಯುಲೇಟರಿಗಿಂತ ಬೇರೆಯಾದ ಆಯ್ಕೆಯೆಂದು ಎಣಿಸುವುದು ತಪ್ಪಾಗುತ್ತದೆ. ದಶಮಾನವಲ್ಲದ, ಎಂಟರ ಆಧಾರದ ಅಷ್ಟಮಾನ ಸಂಖ್ಯೆಗಳನ್ನು ಸ್ವಿಚ್ಚುಗಳಲ್ಲಿ ಒಂದೊಂದಾಗಿ ತುಂಬಿ ಪ್ರೋಗ್ರಾಂ ಓಡಿಸುವುದನ್ನು ಮಕ್ಕಳಿಗೆ ತೋರಿಸಬೇಕೆನ್ನುವ ಶಿಕ್ಷಕರಿಗೆ ಅದು ತಕ್ಕ ಖರ್ಚು; ಉಳಿದವರು ಆ ಹಣವನ್ನು ಹಾಗೇ ಇಟ್ಟುಕೊಳ್ಳಬಹುದು. ಒಳಗಿನ ಜೋಡಣೆಯನ್ನು ನಾವೇ ರೂಪಿಸಬಹುದಾದ ಎಫ್‌ಪಿಜಿಎ ಚಿಪ್ಪಿನಲ್ಲಿ ಪಿಡಿಪಿ-11ರ ತರ್ಕವನ್ನೇ ಮರುಕಟ್ಟುವ ಪಿಡಿಪಿ2011 ಎಂಬ ಯೋಜನೆಯೂ ಇದೆ. ಅದು ಹಾರ್ಡ್‌ವೇರ್ ವಿನ್ಯಾಸ ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೇಳಿಮಾಡಿಸಿದ್ದು.

ಪರರ ಯಂತ್ರದಲ್ಲಿ ಖಾತೆ

ಏನನ್ನೂ ಕೊಳ್ಳದೆ, ಏನನ್ನೂ ಸ್ಥಾಪಿಸದೆ ಹಳೆಯ ಯಂತ್ರಗಳ ಪರಿಚಯ ಮಾಡಿಕೊಳ್ಳಬೇಕೆನ್ನುವವರಿಗೆ ಇದು ಸರಳ ದಾರಿ. 1987ರಿಂದ ನಡೆಯುತ್ತಿರುವ ಎಸ್‌ಡಿಎಫ್ ಎಂಬ ಸಾರ್ವಜನಿಕ ಯುನಿಕ್ಸ್ ವ್ಯವಸ್ಥೆ, ಡೆಕ್‌ನ ದೊಡ್ಡಣ್ಣನಾದ ಪಿಡಿಪಿ-10 ಪರಂಪರೆಯ ಟಾಪ್ಸ್-20 ಸಿಸ್ಟಂನಲ್ಲಿಯೂ ಖಾತೆ ಕೊಡುತ್ತದೆ. ಆದರೆ ಈ ದಾರಿಯ ಆಯುಷ್ಯ ನಮ್ಮ ಕೈಯಲ್ಲಿಲ್ಲ. ಮೈಕ್ರೋಸಾಫ್ಟ್ ಸಹಸ್ಥಾಪಕ ಪಾಲ್ ಆಲೆನ್ ಸಿಯಾಟಲ್‌ನಲ್ಲಿ ಕಟ್ಟಿದ ಲಿವಿಂಗ್ ಕಂಪ್ಯೂಟರ್ಸ್ ವಸ್ತುಸಂಗ್ರಹಾಲಯ ಅಸಲಿ ಡೆಕ್ ಯಂತ್ರಗಳನ್ನು ಓಡಿಸಿ, ಜಗತ್ತಿನ ಯಾರಾದರೂ ಅಂತರ್ಜಾಲದ ಮೂಲಕ ಲಾಗಿನ್ ಆಗಲು ಬಿಡುತ್ತಿತ್ತು. ಆಲೆನ್ 2018ರಲ್ಲಿ ತೀರಿಕೊಂಡರು. 2020ರ ಆರಂಭದಲ್ಲಿ ಬಾಗಿಲು ಮುಚ್ಚಿದ ಸಂಗ್ರಹಾಲಯ ಮತ್ತೆ ತೆರೆಯದು ಎಂದು 2024ರಲ್ಲಿ ಖಚಿತವಾಯಿತು, ಪಿಡಿಪಿ-10 ಒಂದು ಕ್ರಿಸ್ಟೀಸ್ ಹರಾಜಿಗೆ ಬಂತು. ಅಂಥ ಸಿರಿವಂತ ಸಂಸ್ಥೆಯದೇ ಈ ಗತಿ. ಆದ್ದರಿಂದ ಪರರ ಯಂತ್ರದಲ್ಲಿ ಬರೆದ ಪ್ರತಿಯೊಂದು ಪ್ರೋಗ್ರಾಮಿನ ನಕಲು ಮನೆಯಲ್ಲಿರಲಿ.

ಪರವಾನಗಿಯೇ ಆಯ್ಕೆ ಮಾಡುವ ಸಂದರ್ಭ

ಯಾವ ಆಪರೇಟಿಂಗ್ ಸಿಸ್ಟಂ ಎಂಬುದನ್ನು ರುಚಿಯೊಂದೇ ನಿರ್ಧರಿಸುವುದಿಲ್ಲ. ಹಾದಿ ತೀರ ಸುಗಮವಾಗಿರುವುದು ಯುನಿಕ್ಸ್‌ನಲ್ಲಿ: ಕಾಲ್ಡೆರಾ ಕಂಪನಿ 2002ರ ಜನವರಿಯಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿಯವರೆಗಿನ ಮೂಲಸಂಕೇತವನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಹಾಗಾಗಿ ಪಿಡಿಪಿ-11ರ ಮೇಲೆ ಓಡುವ, 1991ರಲ್ಲಿ ಬಂದು ಇಂದಿಗೂ ತೇಪೆಗಳನ್ನು ಪಡೆಯುತ್ತಿರುವ 2.11ಬಿಎಸ್‌ಡಿ ಎಂಬ ಯುನಿಕ್ಸ್ ಕವಲನ್ನು ನಿಶ್ಚಿಂತೆಯಿಂದ ಬಳಸಬಹುದು. ಅದರಲ್ಲಿ ಅಂತರ್ಜಾಲದ ಟಿಸಿಪಿ/ಐಪಿ ನಿಯಮಾವಳಿ ಕೂಡ ಇದೆ. ಆದರೆ ಆದೇಶ ಮತ್ತು ದತ್ತಾಂಶಗಳಿಗೆ ಪ್ರತ್ಯೇಕ ವಿಳಾಸ ಜಾಗವಿರುವ ಮಾದರಿಯೇ ಬೇಕು. 11/73, 11/70ರಲ್ಲಿ ಓಡುತ್ತದೆ, 11/23ರಲ್ಲಿ ಓಡದು. ಅಸಲಿ ಯಂತ್ರ ಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು.

ಡೆಕ್‌ನ ಸ್ವಂತ ಆರ್‌ಟಿ-11, ಆರ್‌ಎಸ್‌ಎಕ್ಸ್-11, ಆರ್‌ಎಸ್‌ಟಿಎಸ್/ಇ ಸಿಸ್ಟಂಗಳ ಹಕ್ಕು 1994ರಲ್ಲಿ ಮೆಂಟೆಕ್ ಕಂಪನಿಗೆ ಹೋಯಿತು. ಅದು ಹವ್ಯಾಸಿಗಳಿಗೆ ಕೆಲವು ಹಳೆಯ ಆವೃತ್ತಿಗಳನ್ನು ಲಾಭದ ಉದ್ದೇಶವಿಲ್ಲದೆ ಬಳಸಲು ಕೊಟ್ಟ ಅನುಮತಿ ಎಮ್ಯುಲೇಟರಿಗೆ ಸಂಬಂಧಿಸಿದ್ದು. ಅಂದರೆ ಅಸಲಿ ಯಂತ್ರ ಇಟ್ಟುಕೊಂಡವರಿಗಿಂತ ಎಮ್ಯುಲೇಟರಿನವರ ಕಾನೂನು ನೆಲೆ ಗಟ್ಟಿ. ವಿಚಿತ್ರವೆನಿಸಿದರೂ ಇದೇ ಸ್ಥಿತಿ. ಆ ಹಳೆಯ ಆವೃತ್ತಿಗಳಲ್ಲಿ 2000ದ ನಂತರದ ವರ್ಷಗಳನ್ನು ಒಪ್ಪದವೂ ಇವೆ. ಹವ್ಯಾಸಿಗಳ ಉಪಾಯ ಸರಳ: ವರ್ಷವನ್ನು 28ರಷ್ಟು ಹಿಂದಕ್ಕೆ ತಳ್ಳಿದರೆ ವಾರಗಳೂ ಅಧಿಕ ವರ್ಷಗಳೂ ಸರಿಹೊಂದುತ್ತವೆ. 2026ನ್ನು 1998 ಎಂದು ಹೇಳಿದರೆ ಯಂತ್ರಕ್ಕೆ ವ್ಯತ್ಯಾಸ ತಿಳಿಯದು.

ಕಗ್ಗಂಟಾಗಿರುವುದು ವ್ಯಾಕ್ಸ್ ಮೇಲಿನ ವಿಎಂಎಸ್. ಹವ್ಯಾಸಿಗಳಿಗೆ ಪುಕ್ಕಟೆ ಪರವಾನಗಿ ಕೊಡುತ್ತಿದ್ದ ಕಾರ್ಯಕ್ರಮವನ್ನು 2020ರಲ್ಲಿ ಎಚ್‌ಪಿಇ (ಎಚ್‌ಪಿ ಇಬ್ಭಾಗವಾದಾಗ ಹುಟ್ಟಿದ ಕಂಪನಿ) ನಿಲ್ಲಿಸಿತು. ಕೊನೆಯದಾಗಿ ಕೊಟ್ಟ ಪರವಾನಗಿಗಳು 2021ರ ಅಂತ್ಯಕ್ಕೆ ಮುಗಿದವು. ಓಪನ್‌ವಿಎಂಎಸ್‌ನ ಮುಂದಿನ ಹೊಣೆಯನ್ನು 2014ರಲ್ಲಿ ಪಡೆದ ವಿಎಂಎಸ್ ಸಾಫ್ಟ್‌ವೇರ್ ಕಂಪನಿ ಸಮುದಾಯ ಪರವಾನಗಿ ಕೊಡುತ್ತದಾದರೂ ಅದರಲ್ಲಿ ವ್ಯಾಕ್ಸ್ ಸೇರಿಲ್ಲ, ಮತ್ತು 2024ರ ಬದಲಾವಣೆಯ ನಂತರ ಹೊಸಬರಿಗೆ ಸಿಗುವುದು ಎಕ್ಸ್86 (ಸಾಮಾನ್ಯ ಪಿಸಿಗಳ ಪ್ರೊಸೆಸರ್ ಬಗೆ) ವರ್ಚುವಲ್ ಯಂತ್ರದ ಸಿದ್ಧ ಡಿಸ್ಕ್ ಮಾತ್ರ. ವಿಎಂಎಸ್ ಆದೇಶಗಳ ರುಚಿ ಬೇಕಾದವರಿಗೆ ಅದು ಸಾಕು. ವ್ಯಾಕ್ಸ್ ಯಂತ್ರವನ್ನೇ ಓಡಿಸಬೇಕೆನ್ನುವವರು ಇಂದಿಗೂ ವ್ಯಾಕ್ಸ್‌ಗೆ ಸಿದ್ಧಪಡಿಸಲಾಗುತ್ತಿರುವ ನೆಟ್‌ಬಿಎಸ್‌ಡಿ ಎಂಬ ಯುನಿಕ್ಸ್ ಬಗೆಯ ಸಿಸ್ಟಂನತ್ತ ನೋಡಲಿ.

ಜಾಲಕ್ಕೆ ಸೇರುವ ಬಗೆಗಳು

ನನ್ನ ಮಟ್ಟಿಗೆ ಈ ಹವ್ಯಾಸದ ಜೀವ ಇರುವುದು ಜಾಲದಲ್ಲಿ. ಒಂಟಿಯಾಗಿ ಓಡುವ ವಿಎಂಎಸ್ ಅಥವಾ ಆರ್‌ಎಸ್‌ಎಕ್ಸ್ ಯಂತ್ರದಲ್ಲಿ ಒಂದು ವಾರ ಆಟವಾಡಬಹುದು. ಬೇರೆ ದೇಶದ ಯಾರದೋ ಯಂತ್ರದ ಹೆಸರು ನಮ್ಮ ನೋಡ್ (ಜಾಲದಲ್ಲಿರುವ ಯಂತ್ರ) ಪಟ್ಟಿಯಲ್ಲಿ ಕಂಡ ಮೇಲೆ ಯಂತ್ರವನ್ನು ದಿನವೂ ಎಚ್ಚರವಾಗಿಡಲು ಕಾರಣ ಸಿಗುತ್ತದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಅಪ್‌ಡೇಟ್ ಕಂಪ್ಯೂಟರ್ ಸಂಘದ ಸುತ್ತ ಬೆಳೆದ ಹೆಕ್‌ನೆಟ್ ಅಂಥದೊಂದು ಜಾಲ. ಯಂತ್ರಗಳನ್ನು ಬೆಸೆಯಲು ಡೆಕ್ ರೂಪಿಸಿದ ಡೆಕ್‌ನೆಟ್ ವ್ಯವಸ್ಥೆಯ ನಾಲ್ಕನೆಯ ಹಂತದ ನಿಯಮಗಳಂತೆ ಹವ್ಯಾಸಿಗಳ ಅಸಲಿ ಮತ್ತು ಕೃತಕ ಯಂತ್ರಗಳನ್ನು ಅದು ಅಂತರ್ಜಾಲದ ಮೇಲೆ ಬೆಸೆಯುತ್ತದೆ.

ಈ ನಿಯಮದಲ್ಲಿ ವಿಳಾಸಕ್ಕೆ ಎರಡು ಭಾಗ: 1ರಿಂದ 63ರವರೆಗಿನ ವಲಯ, ಪ್ರತಿ ವಲಯದಲ್ಲಿ 1ರಿಂದ 1023ರವರೆಗಿನ ನೋಡ್. ಹೊಸಬರು ಎಡವುವುದು ಇಲ್ಲಿಯೇ. ಡೆಕ್‌ನೆಟ್ ಶುರುವಾದ ಕೂಡಲೇ ಈಥರ್ನೆಟ್ ಕಾರ್ಡಿನ ಹಾರ್ಡ್‌ವೇರ್ ವಿಳಾಸವನ್ನೇ ತನಗೆ ಬೇಕಾದಂತೆ ಬದಲಿಸಿಕೊಳ್ಳುತ್ತದೆ. ಉದಾಹರಣೆಗೆ 1.20 ಎಂಬ ನೋಡ್: 1ನ್ನು 1024ರಿಂದ ಗುಣಿಸಿ 20 ಕೂಡಿಸಿದರೆ 1044. ಅದನ್ನು ಷೋಡಶಮಾನಕ್ಕೆ ತಿರುಗಿಸಿದರೆ 0414, ಎರಡು ಬೈಟುಗಳನ್ನು ಅದಲುಬದಲು ಮಾಡಿದರೆ 14-04. ಕಾರ್ಡಿನ ವಿಳಾಸ ಎಎ-00-04-00-14-04 ಆಗಿಬಿಡುತ್ತದೆ. ಮನೆಯ ವೈಫೈ ಸಾಮಾನ್ಯವಾಗಿ ಇಂಥ ಪರಕೀಯ ವಿಳಾಸವನ್ನು ಒಪ್ಪುವುದಿಲ್ಲ. ಎಲ್ಲವೂ ಸರಿಯಿದ್ದಂತೆ ತೋರಿದರೂ ಪಕ್ಕದ ನೋಡ್ ಕಾಣಿಸುವುದಿಲ್ಲ. ಎಮ್ಯುಲೇಟರ್ ಓಡಿಸುವ ಪಿಸಿಗೆ ತಂತಿಯ ಸಂಪರ್ಕ ಕೊಡುವುದು ಇದಕ್ಕೆ ಪರಿಹಾರ.

ಹೆಕ್‌ನೆಟ್‌ಗೆ ಸೇರಲು ಹಲವು ದಾರಿಗಳಿವೆ. ಈಥರ್ನೆಟ್ ಪೊಟ್ಟಣಗಳನ್ನು ಯುಡಿಪಿ ಎಂಬ ಅಂತರ್ಜಾಲ ಪೊಟ್ಟಣಗಳಲ್ಲಿ ಸುತ್ತಿ ಕಳಿಸುವ ಬ್ರಿಡ್ಜ್ ಪ್ರೋಗ್ರಾಂ ಮೊದಲನೆಯದು; ಸಿಸ್ಕೋ ರೂಟರಿನಲ್ಲಿ ಜಿಆರ್‌ಇ ಸುರಂಗ (ಒಂದು ಜಾಲದ ಪೊಟ್ಟಣಗಳನ್ನು ಇನ್ನೊಂದರೊಳಗೆ ಸಾಗಿಸುವ ದಾರಿ) ಕಟ್ಟುವುದು ಇನ್ನೊಂದು. ಹಳೆಯ ಸಿಸ್ಕೋ ರೂಟರ್ ಕೈಯಲ್ಲಿದ್ದು ಅದರ ಭಾಷೆ ಬಲ್ಲವರಿಗೆ ಎರಡನೆಯದು ಭದ್ರ. ಲಿನಕ್ಸ್ ಮೇಲೆಯೇ ಡೆಕ್‌ನೆಟ್ ಓಡಿಸುತ್ತಿದ್ದ ಕಾಲ ಮುಗಿಯಿತು, 6.1ನೆಯ ಕರ್ನೆಲ್‌ನಲ್ಲಿ ಅದನ್ನು ಕಿತ್ತುಹಾಕಲಾಗಿದೆ. ಆ ಜಾಗ ತುಂಬುವ ಪೈಡೆಕ್‌ನೆಟ್ ಪೂರ್ತಿ ಪೈಥಾನ್‌ನಲ್ಲಿ ಬರೆದದ್ದು. ಯಾವ ಹಳೆಯ ಸಿಸ್ಟಂನ ಪರವಾನಗಿಯೂ ಇಲ್ಲದೆ, ಒಂದು ಪೈಯಿಂದಲೇ ಪೂರ್ಣ ಪ್ರಮಾಣದ ರೂಟರ್ ಆಗಿ ಜಾಲಕ್ಕೆ ಸೇರಬಹುದು. ಮೊದಲ ಹೆಜ್ಜೆಗೆ ನಾನು ಸೂಚಿಸುವುದು ಇದನ್ನೇ.

ಭಾರತದ ಮನೆ ಫೈಬರ್ ಸಂಪರ್ಕಗಳಲ್ಲಿ ಹಲವಕ್ಕೆ ಸ್ವಂತ ಸಾರ್ವಜನಿಕ ಐಪಿ ವಿಳಾಸವಿರುವುದಿಲ್ಲ, ಸೇವೆ ಕೊಡುವವರು ಅನೇಕ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಹಾಕಿರುತ್ತಾರೆ. ಬ್ರಿಡ್ಜ್ ಮತ್ತು ಜಿಆರ್‌ಇ ಎರಡೂ ಅಲ್ಲಿ ತೊದಲುತ್ತವೆ. ಸ್ಥಿರ ಐಪಿಗೆ ಹೆಚ್ಚುವರಿ ಹಣ ಕಟ್ಟಬಹುದು, ಇಲ್ಲವೆ ಅಗ್ಗದ ವರ್ಚುವಲ್ ಸರ್ವರ್ ಬಾಡಿಗೆಗೆ ಪಡೆದು ಪೈಡೆಕ್‌ನೆಟ್ಟನ್ನು ಅಲ್ಲಿ ಕೂರಿಸಿ, ಮನೆಯಿಂದ ಅದಕ್ಕೆ ಟಿಸಿಪಿ ಸಂಪರ್ಕ ಕೊಡಬಹುದು. ಎರಡನೆಯದರಲ್ಲಿ ಮನೆಯಲ್ಲಿ ಕರೆಂಟ್ ಇಲ್ಲದಾಗಲೂ ನೋಡ್ ಜಾಲದಲ್ಲಿ ಉಳಿಯುತ್ತದೆ. ಡೆಕ್‌ನೆಟ್ ಗುಪ್ತಪದಗಳನ್ನು ಮುಚ್ಚುಮರೆಯಿಲ್ಲದೆ ಸಾಗಿಸುತ್ತದೆ ಎಂಬುದು ನೆನಪಿರಲಿ: ಬ್ಯಾಂಕಿಗೋ ಮಿಂಚಂಚೆಗೋ ಬಳಸುವ ಗುಪ್ತಪದ ಇಲ್ಲಿ ಕೂಡದು, ಮನೆಯ ಉಳಿದ ಸಾಧನಗಳಿಂದ ಈ ಯಂತ್ರಗಳನ್ನು ಬೇರೆ ಜಾಲದಲ್ಲಿಡುವುದು ಒಳಿತು.

ಇಷ್ಟರ ಮೇಲೆ ಯಾರಿಗೆ ಯಾವುದು? ಹಿಂದೆ ವಿಎಂಎಸ್‌ನಲ್ಲಿ ದುಡಿದು ಈಗ ನಿವೃತ್ತರಾದವರು ಎಕ್ಸ್86 ಸಮುದಾಯ ಆವೃತ್ತಿಯಿಂದ ಆರಂಭಿಸಲಿ; ಬೆರಳುಗಳಿಗೆ ಹಳೆಯ ಆದೇಶಗಳು ತಾವಾಗಿ ಬರುತ್ತವೆ. ವಿದ್ಯಾರ್ಥಿಗಳಿಗೆ ಸಿಮ್‌ಎಚ್ ಮೇಲೆ 2.11ಬಿಎಸ್‌ಡಿ, ಅದರ ಜೊತೆಗೆ ಬಿಟ್‌ಸೇವರ್ಸ್ ಎಂಬ ಅಂತರ್ಜಾಲ ಸಂಗ್ರಹದಲ್ಲಿರುವ ಡೆಕ್‌ನ ಮೂಲ ಕೈಪಿಡಿಗಳು. ಜಾಲದ ಕೆಲಸದಲ್ಲಿ ಆಸಕ್ತಿಯಿರುವವರಿಗೆ ಪೈಡೆಕ್‌ನೆಟ್ ಮತ್ತು ಒಂದು ಹೆಕ್‌ನೆಟ್ ನೋಡ್ ಸಂಖ್ಯೆ. ಇವುಗಳಲ್ಲಿ ಯಾವುದನ್ನೂ ಒಂದು ವರ್ಷ ನಡೆಸಿ ನೋಡದೆ ಅಸಲಿ ಯಂತ್ರ ಕೊಳ್ಳಬೇಡಿ ಎಂದು ನಾನು ಹೇಳುತ್ತೇನೆ. ಇದಕ್ಕೆ ಒಂದೇ ಅಪವಾದ, ನಿಮ್ಮ ಕಾರ್ಖಾನೆಯಲ್ಲೋ ಕಾಲೇಜಿನಲ್ಲೋ ಡೆಕ್ ಯಂತ್ರವೊಂದು ಗುಜರಿಗೆ ಹೋಗುತ್ತಿರುವ ಸುದ್ದಿ ಬಂದಾಗ. ಆಗ ಕಾಯುತ್ತ ಕೂರದೆ, ಲಿಖಿತ ಅನುಮತಿ ಪಡೆದು, ಮೊದಲು ಟೇಪುಗಳನ್ನೂ ಡಿಸ್ಕುಗಳನ್ನೂ, ಆಮೇಲೆ ಕೈಪಿಡಿ ಮತ್ತು ಕೇಬಲ್ಲುಗಳನ್ನೂ, ಜಾಗವಿದ್ದರೆ ಪೆಟ್ಟಿಗೆಯನ್ನೂ ಎತ್ತಿ ತನ್ನಿ.